ನವೆಂಬರ್‌ನಲ್ಲಿ ಬರೆಸಿದ ಉಯಿಲು

“ನೀವಿಬ್ಬರೂ ಒಂದೇ ದಿನ, ಒಂದೇ ಅಪಘಾತದಲ್ಲಿ ತೀರಿಕೊಂಡರೆ ಮಕ್ಕಳು ಯಾರ ಬಳಿ ಬೆಳೆಯಬೇಕು?” ಎಂದು ಆ ವಕೀಲೆ ಕೇಳಿದಾಗ ನಾನು ಪಕ್ಕದಲ್ಲಿದ್ದ ನನ್ನ ಪತಿಯ ಮುಖ ನೋಡಿದೆ, ಅವರು ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಇಂಥ ಮಾತು ಬಾಯಿತಪ್ಪಿ ಬಂದರೂ ಅಮ್ಮ ತಕ್ಷಣ “ಬಿಡ್ತು ಅನ್ನು” ಎಂದು ತಡೆಯುತ್ತಾರೆ, ನಾವೂ “ಬಿಡ್ತು” ಎಂದು ಹೇಳಿ ಮಾತು ಬದಲಿಸುತ್ತೇವೆ. ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಆ ಕಚೇರಿಯಲ್ಲಿ ಹಾಗೆ ತಪ್ಪಿಸಿಕೊಳ್ಳುವಂತಿರಲಿಲ್ಲ, ಏಕೆಂದರೆ ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕೆಂದೇ ನಾವು ಎರಡು ತಿಂಗಳ ಮೊದಲು ಸಮಯ ಗೊತ್ತುಮಾಡಿಕೊಂಡು ಹೋಗಿದ್ದೆವು. ಅದು 2019ರ ನವೆಂಬರ್. ಮಗಳಿಗೆ 14 ವರ್ಷ, ಮಗನಿಗೆ 9. ಮನೆ ಕೊಂಡು, ಸಾಲ ಕಟ್ಟಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು, ಮತ್ತು ಆ ಹನ್ನೊಂದು ವರ್ಷವೂ ಉಯಿಲು ಬರೆಸುವ ಕೆಲಸವನ್ನು ನಾವು ಮುಂದಕ್ಕೆ ಹಾಕುತ್ತಲೇ ಬಂದಿದ್ದೆವು.

ಮುಂದಕ್ಕೆ ಹಾಕಿದ್ದಕ್ಕೆ ಖರ್ಚೂ ಒಂದು ಕಾರಣ. ಊರಿನ ಒಂದು ವಕೀಲರ ಕಚೇರಿಯಲ್ಲಿ ವಿಚಾರಿಸಿದಾಗ ಗಂಡ ಹೆಂಡತಿ ಇಬ್ಬರ ಸರಳ ಉಯಿಲಿಗೆ 380 ಪೌಂಡ್, ಅದರ ಮೇಲೆ ಶೇಕಡಾ 20 ವ್ಯಾಟ್ ಎಂದರು. ಅದೇ ಸುಮಾರಿಗೆ ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ನಿಂತಿದ್ದ ಒಬ್ಬ ತರುಣ ‘ಉಚಿತ ಉಯಿಲು’ ಎಂಬ ಕರಪತ್ರ ಕೊಟ್ಟ. ಮನೆಗೆ ಬಂದು ಕರಡನ್ನೂ ತೋರಿಸಿದ. ಓದುತ್ತಾ ಹೋದರೆ, ನಮ್ಮ ನಂತರ ಆಸ್ತಿ ವಿಲೇವಾರಿ ಮಾಡಬೇಕಾದ ಎಕ್ಸಿಕ್ಯೂಟರ್ ಸ್ಥಾನದಲ್ಲಿ ಆ ಕಂಪನಿಯದೇ ಹೆಸರು ಇತ್ತು, ಅದಕ್ಕೆ ಪ್ರತಿಫಲವಾಗಿ ಒಟ್ಟು ಆಸ್ತಿಯಲ್ಲಿ ಇಂತಿಷ್ಟು ಶೇಕಡಾ ಎಂಬ ಷರತ್ತೂ ಇತ್ತು. ಈಗ ಉಚಿತ, ಮುಂದೆ ಮಕ್ಕಳ ಪಾಲಿನಿಂದ ವಸೂಲಿ. ಇಂಗ್ಲೆಂಡಿನಲ್ಲಿ ಉಯಿಲು ಬರೆದುಕೊಡುವ ವೃತ್ತಿಗೆ ವಕೀಲರೇ ಆಗಿರಬೇಕೆಂಬ ಕಾನೂನಿಲ್ಲ, ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು ಎಂಬುದು ನನಗೆ ಆ ಹೊತ್ತಿನವರೆಗೆ ತಿಳಿದಿರಲಿಲ್ಲ. ಆ ತರುಣನಿಗೆ ಕಾಫಿ ಕೊಟ್ಟು ಕಳುಹಿಸಿದೆವು.

ಉಯಿಲು ಬರೆಸಲು ದತ್ತಿಸಂಸ್ಥೆಗಳು ನಡೆಸುವ ಯೋಜನೆಗಳ ಬಗ್ಗೆ ಹೇಳಿದವರು ನನ್ನ ಜೊತೆ ಕೆಲಸ ಮಾಡುವ ಒಬ್ಬ ಹಿರಿಯ ಸಹೋದ್ಯೋಗಿ. ಅವರು ಬರೆಸಿದ್ದು ‘ಫ್ರೀ ವಿಲ್ಸ್ ಮಂತ್’ ಎಂಬ ಯೋಜನೆಯಲ್ಲಿ. ಪ್ರತಿವರ್ಷ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳಲ್ಲಿ, ಆಯ್ದ ಊರುಗಳಲ್ಲಿ, 55 ವರ್ಷ ತುಂಬಿದವರಿಗೆ ಸರಳ ಉಯಿಲನ್ನು ವಕೀಲರು ಬರೆದುಕೊಡುತ್ತಾರೆ, ವಕೀಲರ ಶುಲ್ಕವನ್ನು ಹಲವು ದತ್ತಿಸಂಸ್ಥೆಗಳು ಸೇರಿ ಭರಿಸುತ್ತವೆ. ದಂಪತಿಗಳಲ್ಲಿ ಒಬ್ಬರಿಗೆ 55 ಆಗಿದ್ದರೂ ಸಾಕು. ಆಗ ನನಗೆ 45, ನನ್ನ ಪತಿಗೆ 49. ಅರ್ಹತೆ ಬರಲು ಇನ್ನೂ ಆರು ವರ್ಷ ಕಾಯಬೇಕಿತ್ತು. ಅದಕ್ಕೆ ಅವರೇ ಇನ್ನೊಂದು ದಾರಿ ತೋರಿಸಿದರು: 1988ರಲ್ಲಿ ಆರಂಭವಾದ ‘ವಿಲ್ ಏಡ್’. ಇದು ನವೆಂಬರ್ ತಿಂಗಳ ಯೋಜನೆ, 55 ತುಂಬಿರಬೇಕೆಂಬ ನಿರ್ಬಂಧವಿಲ್ಲ. ಇಲ್ಲಿ ವಕೀಲರಿಗೆ ಯಾರೂ ಹಣ ಕೊಡುವುದಿಲ್ಲ. ಅವರು ತಮ್ಮ ಶುಲ್ಕವನ್ನೇ ಬಿಟ್ಟುಕೊಡುತ್ತಾರೆ, ಬರೆಸಿದವರು ಅದರ ಬದಲಿಗೆ ಬ್ರಿಟಿಷ್ ರೆಡ್‌ಕ್ರಾಸ್, ಏಜ್ ಯುಕೆ, ಆಕ್ಷನ್ ಏಡ್, ಮಕ್ಕಳ ರಕ್ಷಣೆಯ ಎನ್‌ಎಸ್‌ಪಿಸಿಸಿ ಮುಂತಾದ ಸಂಸ್ಥೆಗಳಿಗೆ ಹಂಚಿಕೆಯಾಗುವಂತೆ ದೇಣಿಗೆ ಕೊಡುತ್ತಾರೆ. ನಾವು ಬರೆಸಿದ ವರ್ಷ ಸೂಚಿಸಿದ್ದ ದೇಣಿಗೆ ಒಬ್ಬರಿಗೆ 100 ಪೌಂಡ್, ದಂಪತಿಗಳ ಜೋಡಿ ಉಯಿಲಿಗೆ 180 ಪೌಂಡ್. ಸೂಚಿಸಿದ್ದು ಮಾತ್ರ, ಕಡ್ಡಾಯವಲ್ಲ. ಆದರೂ ಒಬ್ಬ ವಕೀಲರ ಮೂರು ನಾಲ್ಕು ಗಂಟೆಯ ದುಡಿಮೆಯನ್ನು ಪಡೆದು ಅಷ್ಟನ್ನೂ ಕೊಡದೆ ಎದ್ದುಬರುವುದು ನನ್ನಿಂದ ಆಗುತ್ತಿರಲಿಲ್ಲ.

ಯೋಜನೆಯ ಜಾಲತಾಣದಲ್ಲಿ ನಮ್ಮ ಪೋಸ್ಟ್‌ಕೋಡ್ ಹಾಕಿದರೆ ಸುತ್ತಲಿನ ವಕೀಲರ ಪಟ್ಟಿ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ನಾನು ಫೋನು ಮಾಡುವ ಹೊತ್ತಿಗೇ ಮೊದಲ ಎರಡು ಕಚೇರಿಗಳಲ್ಲಿ ನವೆಂಬರ್‌ನ ಜಾಗವೆಲ್ಲ ಮುಗಿದಿತ್ತು, ಮೂರನೆಯದರಲ್ಲಿ ಒಂದು ಗುರುವಾರ ಸಿಕ್ಕಿತು. ಹನ್ನೊಂದು ವರ್ಷ ಆಗದ ಕೆಲಸ ಆ ಎರಡು ತಿಂಗಳಲ್ಲಿ ಆದದ್ದಕ್ಕೆ ಉಳಿತಾಯಕ್ಕಿಂತ ಈ ಗಡುವೇ ಕಾರಣವೆಂದು ನನಗೆ ಈಗಲೂ ಅನ್ನಿಸುತ್ತದೆ. ನವೆಂಬರ್ ದಾಟಿದರೆ ಮತ್ತೆ ಒಂದು ವರ್ಷ.

ಭೇಟಿಗೆ ಮುಂಚೆ ಆರು ಪುಟಗಳ ಪ್ರಶ್ನಾವಳಿಯೊಂದು ಬಂತು. ಮನೆ ಯಾರ ಹೆಸರಲ್ಲಿದೆ, ಸಾಲ ಎಷ್ಟಿದೆ, ಬ್ಯಾಂಕ್ ಖಾತೆಗಳು, ಪಿಂಚಣಿ, ವಿಮೆ, ಬೆಲೆಬಾಳುವ ವಸ್ತುಗಳು, ವಿದೇಶದಲ್ಲಿರುವ ಆಸ್ತಿ. ಒಂದು ಭಾನುವಾರ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕುಳಿತಾಗ, ಇಪ್ಪತ್ತು ವರ್ಷ ಜೊತೆಗೆ ಸಂಸಾರ ಮಾಡಿದ ನಮಗೆ ಪರಸ್ಪರ ಗೊತ್ತಿಲ್ಲದ ಸಂಗತಿಗಳು ಎಷ್ಟೊಂದಿವೆ ಎಂಬುದು ತಿಳಿಯಿತು. ಹಳೆಯ ಕೆಲಸದ ಪಿಂಚಣಿಯೊಂದರಲ್ಲಿ ನಾಮಿನಿಯಾಗಿ ಇನ್ನೂ ತಮ್ಮ ತಂದೆಯ ಹೆಸರೇ ಇದೆಯೆಂದು ನನ್ನ ಪತಿಗೆ ನೆನಪಾದದ್ದು ಆಗಲೇ. ತಂದೆ ತೀರಿಕೊಂಡು ಐದು ವರ್ಷವಾಗಿತ್ತು. ಪಿಂಚಣಿಯ ಹಣ ಸಾಮಾನ್ಯವಾಗಿ ಉಯಿಲಿನ ಮೂಲಕ ಹೋಗುವುದಿಲ್ಲ, ಪಿಂಚಣಿ ಸಂಸ್ಥೆಗೇ ಪ್ರತ್ಯೇಕ ನಮೂನೆ ತುಂಬಿಕೊಡಬೇಕು. ಆ ಕೆಲಸವನ್ನು ಅಂದು ಸಂಜೆಯೇ ಮಾಡಿ ಮುಗಿಸಿದರು.

ಕಚೇರಿಯಲ್ಲಿ ನಮಗೆ ಸಿಕ್ಕ ವಕೀಲೆ ಐವತ್ತರ ಆಸುಪಾಸಿನವರು, ಮಾತು ಮಿತ. ಉಯಿಲಿಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ಮೊದಲು ವಿವರಿಸಿದರು. ‘ಹೇಗೂ ಎಲ್ಲ ಹೆಂಡತಿಗೇ ತಾನೆ ಹೋಗುವುದು’ ಎಂದು ನಾವು ನಂಬಿದ್ದೆವು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನಿನಲ್ಲಿ ಮಕ್ಕಳಿದ್ದರೆ, ಉಳಿದ ಸಂಗಾತಿಗೆ ಗೃಹಬಳಕೆಯ ವಸ್ತುಗಳು, ಒಂದು ನಿಗದಿತ ಮೊತ್ತ ಮತ್ತು ಮಿಕ್ಕಿದ್ದರಲ್ಲಿ ಅರ್ಧ, ಇನ್ನರ್ಧ ಮಕ್ಕಳಿಗೆ. ಆ ನಿಗದಿತ ಮೊತ್ತ ಆಗ 250,000 ಪೌಂಡ್ ಇತ್ತು, 2023ರ ಜುಲೈನಿಂದ 322,000 ಆಗಿದೆ. ಮದುವೆಯಾಗದೆ ಜೊತೆಗಿರುವವರಿಗೆ, ಎಷ್ಟು ವರ್ಷ ಒಟ್ಟಿಗಿದ್ದರೂ, ಈ ನಿಯಮದಡಿ ಏನೂ ಇಲ್ಲ. ನಮ್ಮ ಮನೆ ಇಬ್ಬರ ಜಂಟಿ ಒಡೆತನದಲ್ಲಿ ಇದ್ದುದರಿಂದ ಅದು ಉಯಿಲಿನ ಹಂಗಿಲ್ಲದೆ ಬದುಕುಳಿದವರಿಗೆ ನೇರವಾಗಿ ಸೇರುತ್ತದೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ಆದರೆ ಇಬ್ಬರೂ ಇಲ್ಲದಾಗ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಜಂಟಿ ಒಡೆತನದಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಗೆ ನಾವು ಮನೆಯಲ್ಲೇ ಉತ್ತರ ಯೋಚಿಸಿಟ್ಟುಕೊಂಡಿದ್ದೆವು: ಮೈಸೂರಿನಲ್ಲಿರುವ ನನ್ನ ತಮ್ಮ. ವಕೀಲೆ ಬೇಡವೆನ್ನಲಿಲ್ಲ. ಆದರೆ ಅವನು ವೀಸಾ ಪಡೆದು ಇಲ್ಲಿಗೆ ತಲುಪುವವರೆಗೆ ಮಕ್ಕಳು ಆ ರಾತ್ರಿ ಯಾರ ಮನೆಯಲ್ಲಿ ಮಲಗುತ್ತಾರೆ ಎಂದು ಕೇಳಿದರು. ಮಗಳು ಎರಡು ವರ್ಷದಲ್ಲಿ ದೊಡ್ಡ ಪರೀಕ್ಷೆ ಬರೆಯುವವಳು, ಅವಳನ್ನು ನಡುವೆ ಶಾಲೆ ಬಿಡಿಸಿ ಕರೆದೊಯ್ಯುವುದು ನಿಮಗೆ ಒಪ್ಪಿಗೆಯೇ ಎಂದೂ ಕೇಳಿದರು. ಕೊನೆಗೆ ಇಂಗ್ಲೆಂಡಿನಲ್ಲೇ, ಸ್ವಿಂಡನ್ ಎಂಬ ಊರಿನಲ್ಲಿದ್ದ ನಮ್ಮ ಸ್ನೇಹಿತ ದಂಪತಿಯ ಹೆಸರು ಬರೆಸಿದೆವು. ಯುಗಾದಿ, ದೀಪಾವಳಿಗಳನ್ನು ನಾವು ಒಟ್ಟಿಗೆ ಮಾಡುತ್ತಿದ್ದ ಮನೆ ಅದು, ಮಕ್ಕಳು ಅಲ್ಲಿ ಕೇಳದೆ ಫ್ರಿಜ್ ತೆಗೆಯುತ್ತಿದ್ದರು. ತಮ್ಮನಿಗೆ ಇದನ್ನು ಹೇಳುವುದು ಕಷ್ಟವಾಯಿತು. ಅವನು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ ಅಕ್ಕ, ಮಕ್ಕಳಿಗೆ ಅಲ್ಲೇ ಅನುಕೂಲ” ಎಂದ.

ಮುಂದೆ ಒಡವೆಯ ಸರದಿ. ನಾನು ಪ್ರಶ್ನಾವಳಿಯ ‘ಬೆಲೆಬಾಳುವ ವಸ್ತುಗಳು’ ಎಂಬ ಕಡೆ ಒಂದೂಮುಕ್ಕಾಲು ಪುಟ ಬರೆದಿದ್ದೆ: ಅಜ್ಜಿಯಿಂದ ಬಂದ ಎರಡೆಳೆ ಅವಲಕ್ಕಿ ಸರ ಮಗಳಿಗೆ, ನಾಲ್ಕು ಬಳೆಗಳಲ್ಲಿ ಎರಡು ಮುಂದೆ ಬರುವ ಸೊಸೆಗೆ, ಹೀಗೆ. ವಕೀಲೆ ‘ಅವಲಕ್ಕಿ’ ಎಂಬುದರ ಕಾಗುಣಿತ ಕೇಳಿ, ಅರ್ಥವನ್ನೂ ಕೇಳಿ, ಚಪ್ಪಟೆ ಮಾಡಿದ ಅಕ್ಕಿ ಎಂದಾಗ ಮೊದಲ ಬಾರಿಗೆ ನಕ್ಕರು. ಇದನ್ನೆಲ್ಲ ಉಯಿಲಿನೊಳಗೆ ಬರೆದರೆ, ನಾಳೆ ಒಂದು ಬಳೆ ಮುರಿಸಿ ಓಲೆ ಮಾಡಿಸಿದರೂ ಉಯಿಲು ತಿದ್ದಬೇಕು, ತಿದ್ದಿದಾಗಲೆಲ್ಲ ಸಾಕ್ಷಿಗಳ ಸಹಿ ಬೇಕು. ಅದರ ಬದಲು ಎಕ್ಸಿಕ್ಯೂಟರ್‌ಗೆ ಉದ್ದೇಶಿಸಿ ‘ಇಚ್ಛೆಯ ಪತ್ರ’ವೊಂದನ್ನು ಪ್ರತ್ಯೇಕವಾಗಿ ಬರೆದಿಡಿ, ಅದಕ್ಕೆ ಕಾನೂನಿನ ಬಲವಿಲ್ಲ, ಆದರೆ ಬೇಕೆಂದಾಗ ಹರಿದು ಹೊಸದು ಬರೆಯಬಹುದು ಎಂದರು. ನಂತರ, “ಈ ಸರ ಈಗ ಎಲ್ಲಿದೆ?” ಎಂದು ಕೇಳಿದರು. ಮೈಸೂರಿನ ಬ್ಯಾಂಕ್ ಲಾಕರ್‌ನಲ್ಲಿ ಎಂದೆ. ಅವರು ಪೆನ್ನು ಕೆಳಗಿಟ್ಟರು.

ಯೋಜನೆಯ ಗಡಿ ನಮಗೆ ಎದುರಾದದ್ದು ಅಲ್ಲಿ. ಈ ಉಚಿತ ಅಥವಾ ಅಗ್ಗದ ಯೋಜನೆಗಳು ಸರಳ ಉಯಿಲಿಗೆ ಮಾತ್ರ. ವಿದೇಶದ ಆಸ್ತಿ, ವ್ಯಾಪಾರದ ಪಾಲುದಾರಿಕೆ, ಹಲವು ಬಗೆಯ ಟ್ರಸ್ಟ್‌ಗಳು ಬಂದವೆಂದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಅದನ್ನು ವಕೀಲರು ಮೊದಲೇ ತಿಳಿಸಬೇಕು. ನನ್ನ ಪತಿಯ ಹೆಸರಿನಲ್ಲಿ ಮೈಸೂರಿನಲ್ಲಿ ಒಂದು ಸೈಟು ಇತ್ತು, ತಿಪಟೂರಿನ ತೆಂಗಿನ ತೋಟದಲ್ಲಿ ಪಾಲೂ ಇತ್ತು. ಭಾರತದಲ್ಲಿರುವ ಸ್ಥಿರಾಸ್ತಿಗೆ ಭಾರತದ ಕಾನೂನೇ ಅನ್ವಯ, ಒಡೆಯ ಎಲ್ಲೇ ನೆಲೆಸಿರಲಿ. ಉಯಿಲಿಲ್ಲದೆ ಹೋದರೆ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ ಮತ್ತು ಮಕ್ಕಳ ಜೊತೆಗೆ ತಾಯಿಗೂ ಸಮಪಾಲು. ಇದನ್ನು ಆ ವಕೀಲೆ ಹೇಳಲಿಲ್ಲ, ಹೇಳುವುದು ಅವರ ಅಧಿಕಾರವೂ ಅಲ್ಲ. ಮುಂದೆ ಮೈಸೂರಿನಲ್ಲಿ ತಿಳಿದದ್ದು. ಅವರು ಹೇಳಿದ್ದು ಇಷ್ಟು: ಭಾರತದ ಆಸ್ತಿಗೆ ಅಲ್ಲಿಯ ವಕೀಲರಿಂದಲೇ ಪ್ರತ್ಯೇಕ ಉಯಿಲು ಬರೆಸಿ, ನಾನು ಬರೆಯುವ ಉಯಿಲು ಭಾರತದಲ್ಲಿರುವ ಆಸ್ತಿಯನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಅನ್ವಯವೆಂದು ಒಂದು ವಾಕ್ಯ ಸೇರಿಸುತ್ತೇನೆ; ಅಲ್ಲಿ ಬರೆಸುವಾಗ, ಹಿಂದಿನ ಉಯಿಲುಗಳನ್ನು ರದ್ದುಪಡಿಸುವ ವಾಕ್ಯವನ್ನು ಮಾತ್ರ ಎರಡು ಬಾರಿ ಓದಿ. ತಾವು ಸೇರಿಸಿದ ಆ ಒಂದು ವಾಕ್ಯಕ್ಕೆ ಅವರು ಹೆಚ್ಚುವರಿ ಹಣ ಕೇಳಲಿಲ್ಲ.

ದತ್ತಿಯ ಮಾತನ್ನು ಅವರು ಒಮ್ಮೆ ಮಾತ್ರ ಎತ್ತಿದರು. ಸಂಸ್ಥೆಗಳು ಇಂಥ ಯೋಜನೆ ನಡೆಸುವುದರ ಹಿಂದೆ, ಬರೆಸುವವರು ಉಯಿಲಿನಲ್ಲೂ ತಮಗೇನಾದರೂ ಬಿಟ್ಟುಹೋಗಲಿ ಎಂಬ ಆಸೆಯಿದೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಬಿಡಲೇಬೇಕೆಂಬ ಒತ್ತಾಯ ಮಾತ್ರ ಇಲ್ಲ. ನನ್ನ ಪತಿ ತಾವು ಓದಿದ ತಿಪಟೂರು ಕಡೆಯ ಹಳ್ಳಿಶಾಲೆಗೆ ಏನಾದರೂ ಕೊಡಬೇಕೆಂದರು. ಇಂಗ್ಲೆಂಡಿನಲ್ಲಿ 325,000 ಪೌಂಡ್ ದಾಟಿದ ಆಸ್ತಿಗೆ ಶೇಕಡಾ 40 ಉತ್ತರಾಧಿಕಾರ ತೆರಿಗೆಯಿದೆ, ಸಂಗಾತಿಗೆ ಹೋಗುವುದಕ್ಕೆ ಮತ್ತು ಮಕ್ಕಳಿಗೆ ಸೇರುವ ವಾಸದ ಮನೆಗೆ ರಿಯಾಯಿತಿಗಳಿವೆ. ದತ್ತಿಗೆ ಬಿಟ್ಟದ್ದಕ್ಕೆ ತೆರಿಗೆಯಿಲ್ಲ, ನಿವ್ವಳ ಆಸ್ತಿಯ ಹತ್ತನೆಯ ಒಂದು ಪಾಲನ್ನು ದತ್ತಿಗೆ ಬಿಟ್ಟರೆ ಉಳಿದದ್ದರ ಮೇಲಿನ ದರ ಶೇಕಡಾ 36ಕ್ಕೆ ಇಳಿಯುತ್ತದೆ. ಆದರೆ ಭಾರತದ ಹಳ್ಳಿಶಾಲೆ ಈ ವಿನಾಯಿತಿಯ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯನ್ನು ಊರಿನ ಉಯಿಲಿಗೆ ಬಿಟ್ಟು, ಇಲ್ಲಿಯದರಲ್ಲಿ ರೆಡ್‌ಕ್ರಾಸ್‌ಗೆ ಮಿಕ್ಕ ಆಸ್ತಿಯ ಶೇಕಡಾ ಒಂದನ್ನು ಬರೆಸಿದೆವು. ಇಷ್ಟು ಪೌಂಡ್ ಎಂದು ಬರೆದರೆ ಮೂವತ್ತು ವರ್ಷದ ಬೆಲೆಯೇರಿಕೆಯಲ್ಲಿ ಅದು ಕರಗಿಹೋಗುತ್ತದೆಂದು ಶೇಕಡಾವಾರು ಸೂಚಿಸಿದವರು ವಕೀಲೆಯೇ. ಒಂದು ಎನ್ನುವುದು ಸಣ್ಣ ಅಂಕಿಯೆಂದು ನನಗೆ ಗೊತ್ತು. ಮಕ್ಕಳು ಇನ್ನೂ ಓದುತ್ತಿದ್ದರು.

ಕರಡು ಹತ್ತು ದಿನದಲ್ಲಿ ಅಂಚೆಯಲ್ಲಿ ಬಂತು. ನಮ್ಮಿಬ್ಬರ ಉಯಿಲುಗಳೂ ಒಂದು ಇನ್ನೊಂದರ ಪ್ರತಿಬಿಂಬದಂತೆ ಇರುವುದರಿಂದ ‘ಮಿರರ್ ವಿಲ್’ ಎನ್ನುತ್ತಾರೆ. ಹೆಸರು ಮಾತ್ರ ಅದಲುಬದಲು. ಪ್ರತಿಬಿಂಬವಾದರೂ ಕಟ್ಟುಪಾಡಲ್ಲ, ಒಬ್ಬರು ತೀರಿಕೊಂಡ ಮೇಲೆ ಇನ್ನೊಬ್ಬರು ತಮ್ಮದನ್ನು ಬದಲಿಸಬಹುದು. ಮಕ್ಕಳ ಪಾಲು ಕೈಸೇರುವ ವಯಸ್ಸನ್ನು 18ರ ಬದಲು 21 ಮಾಡಿಸಿದೆವು. ನನ್ನ ಮಗನ ಮಧ್ಯದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು, ಪಾಸ್‌ಪೋರ್ಟ್ ನೋಡಿ ತಿದ್ದಿಸಿದೆವು.

ಸಹಿಯ ದಿನ ಹತ್ತೇ ನಿಮಿಷದ ಕೆಲಸ, ಆದರೆ ನಿಯಮ ಬಲು ಬಿಗಿ. 1837ರ ವಿಲ್ಸ್ ಆಕ್ಟ್ ಪ್ರಕಾರ ಬರೆಸಿದವರು ಇಬ್ಬರು ಸಾಕ್ಷಿಗಳು ಒಟ್ಟಿಗೆ ಇರುವಾಗಲೇ ಸಹಿ ಹಾಕಬೇಕು, ನಂತರ ಅವರು ಹಾಕಬೇಕು. ಸಾಕ್ಷಿಗೋ ಸಾಕ್ಷಿಯ ಗಂಡ ಅಥವಾ ಹೆಂಡತಿಗೋ ಉಯಿಲಿನಲ್ಲಿ ಏನಾದರೂ ಬಿಟ್ಟಿದ್ದರೆ ಉಯಿಲು ನಿಲ್ಲುತ್ತದೆ, ಅವರ ಪಾಲು ಮಾತ್ರ ಬಿದ್ದುಹೋಗುತ್ತದೆ. ಕಚೇರಿಯ ಇಬ್ಬರು ಗುಮಾಸ್ತರು ಬಂದು ಸಾಕ್ಷಿ ಹಾಕಿದರು. ನನ್ನ ಪತಿ ಅಚ್ಚುಕಟ್ಟಿನ ಮನುಷ್ಯ. ನಾನು ಬರೆದುಕೊಂಡು ಹೋಗಿದ್ದ ಒಡವೆಯ ಪತ್ರವನ್ನು ಉಯಿಲಿನ ಜೊತೆ ಸೇರಿಸೋಣವೆಂದು ಮೇಜಿನ ಮೇಲಿದ್ದ ಪೇಪರ್ ಕ್ಲಿಪ್ ತೆಗೆದುಕೊಂಡರು. ವಕೀಲೆ ಥಟ್ಟನೆ ಕೈ ಅಡ್ಡ ಹಿಡಿದರು. ಮೂಲಪ್ರತಿಯ ಮೇಲೆ ಕ್ಲಿಪ್ಪಿನ ಗುರುತು ಉಳಿದರೆ, ಇದಕ್ಕೆ ಲಗತ್ತಿಸಿದ್ದ ತಿದ್ದುಪಡಿ ಹಾಳೆಯೊಂದನ್ನು ಯಾರೋ ತೆಗೆದುಹಾಕಿದ್ದಾರೆಯೇ ಎಂಬ ಅನುಮಾನ ಮುಂದೆ ಹುಟ್ಟುತ್ತದೆಯಂತೆ. ಪಿನ್ನು ಬಿಚ್ಚಿ ಫೋಟೋಕಾಪಿ ಮಾಡುವುದೂ ಸಲ್ಲದು. ಮೂಲಪ್ರತಿ ಅವರ ಕಪಾಟಿನಲ್ಲೇ ಉಳಿಯಿತು, ಅದಕ್ಕೆ ಶುಲ್ಕವಿಲ್ಲ, ನಮಗೆ ಪ್ರತಿಗಳು. 180 ಪೌಂಡ್ ದೇಣಿಗೆ ಕೊಟ್ಟು ಹೊರಬಂದಾಗ ಮಳೆ ಹನಿಯುತ್ತಿತ್ತು, ಎದುರಿನ ಅಂಗಡಿಯಲ್ಲಿ ಆಗಲೇ ಕ್ರಿಸ್‌ಮಸ್ ದೀಪ ಹಾಕಿದ್ದರು.

ಮೈಸೂರಿನ ಭಾಗ ಕೋವಿಡ್‌ನಿಂದಾಗಿ ತಡವಾಯಿತು. 2022ರ ಆಗಸ್ಟ್‌ನಲ್ಲಿ ಊರಿಗೆ ಹೋದಾಗ ಮನೆಗೆ ಪರಿಚಯದ ವಕೀಲರೊಬ್ಬರ ಬಳಿ ಹೋದೆವು. ಇಲ್ಲಿ ನಿಯಮ ಸ್ವಲ್ಪ ಬೇರೆ: ಇಬ್ಬರು ಸಾಕ್ಷಿಗಳು ಬೇಕು, ಆದರೆ ಇಬ್ಬರೂ ಒಂದೇ ಹೊತ್ತಿಗೆ ಇರಬೇಕೆಂದಿಲ್ಲ. ನೋಂದಣಿ ಕಡ್ಡಾಯವಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ಉಯಿಲು ನ್ಯಾಯಾಲಯಕ್ಕೆ ಹೋದರೆ ಸಾಕ್ಷಿಗಳಲ್ಲಿ ಕನಿಷ್ಠ ಒಬ್ಬರಾದರೂ ಬಂದು ಹೇಳಬೇಕಾಗುವುದರಿಂದ, “ನಿಮ್ಮ ಮಾವನವರ ಸ್ನೇಹಿತರನ್ನು ಕರೆತರಬೇಡಿ ಸರ್, ನಿಮಗಿಂತ ಚಿಕ್ಕವರನ್ನು ಕರೆತನ್ನಿ” ಎಂದು ಆ ವಕೀಲರು ಹೇಳಿದರು. ಮನೆಗೆ ಬಂದು ಈ ಮಾತು ಹೇಳಿದಾಗ ಅಮ್ಮ ಅಡುಗೆಮನೆಯಿಂದಲೇ “ಬಿಡ್ತು ಅನ್ನಿ” ಎಂದರು.

ಕರಡನ್ನು ಬೆರಳಚ್ಚು ಮಾಡಿ ತಂದಾಗ ಮೂರನೆಯ ಪ್ಯಾರಾದಲ್ಲಿ ಆ ವಾಕ್ಯ ಇದ್ದೇ ಇತ್ತು: “ಈ ಮುಂಚೆ ನಾನು ಬರೆದಿರಬಹುದಾದ ಯಾವುದೇ ಉಯಿಲು, ಮರಣಶಾಸನಗಳನ್ನು ಈ ಮೂಲಕ ರದ್ದುಪಡಿಸಿರುತ್ತೇನೆ.” ಯಾವ ಉಯಿಲಿನಲ್ಲೂ ಬರುವ ಮಾಮೂಲಿ ವಾಕ್ಯ, ಗುಮಾಸ್ತರು ಹಳೆಯ ಕಡತದಿಂದ ಹಾಗೇ ಎತ್ತಿಹಾಕಿದ್ದರು. ಅದಕ್ಕೆ ಸಹಿ ಹಾಕಿದ್ದರೆ ರೆಡಿಂಗ್‌ನ ಕಪಾಟಿನಲ್ಲಿದ್ದ ಉಯಿಲೂ, ಅದರಲ್ಲಿದ್ದ ಮಕ್ಕಳ ಪೋಷಕರ ಹೆಸರೂ ರದ್ದಾಯಿತೆಂದು ಯಾರಾದರೂ ವಾದ ಹೂಡಲು ದಾರಿಯಾಗುತ್ತಿತ್ತು. ತೋರಿಸಿದಾಗ ವಕೀಲರು ಕನ್ನಡಕ ಮೇಲೆತ್ತಿ ಒಮ್ಮೆ ಓದಿ, “ಭಾರತದಲ್ಲಿರುವ ನನ್ನ ಆಸ್ತಿಗೆ ಸಂಬಂಧಿಸಿದಂತೆ ಮಾತ್ರ” ಎಂಬ ಮಾತುಗಳನ್ನು ತಾವೇ ಪೆನ್ನಿನಲ್ಲಿ ಸೇರಿಸಿ ಮತ್ತೆ ಬೆರಳಚ್ಚಿಗೆ ಕಳುಹಿಸಿದರು. ಸೈಟು ನನಗೆ ಮತ್ತು ಅತ್ತೆಗೆ, ತೋಟದ ಪಾಲು ಭಾವನ ಮಕ್ಕಳಿಗೆ, ಹಳ್ಳಿಶಾಲೆಗೆ ಒಂದು ಮೊತ್ತ. ನನ್ನದರಲ್ಲಿ ಲಾಕರ್ ಮತ್ತು ಅವಲಕ್ಕಿ ಸರ. ಕಡ್ಡಾಯವಲ್ಲದಿದ್ದರೂ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ, ಫೋಟೋ ತೆಗೆಸಿ, ಹೆಬ್ಬೆಟ್ಟು ಒತ್ತಿ ನೋಂದಾಯಿಸಿಯೇ ಬಂದೆವು. ಅಲ್ಲಿ ಕಾದದ್ದು ಮೂರು ಗಂಟೆ.

ಅದಾದ ಮೇಲೆ ಸ್ವಿಂಡನ್‌ನ ಸ್ನೇಹಿತರು ಖಾಯಂ ಆಗಿ ಬೆಂಗಳೂರಿಗೆ ಹಿಂತಿರುಗಿದರು. ಮಗಳಿಗೆ 18 ತುಂಬಿದೆ, ಮಗನಿಗೆ ಇನ್ನೂ ತುಂಬಿಲ್ಲ. ನನ್ನ ಪತಿಗೆ 55 ಆದದ್ದರಿಂದ ಈ ಬಾರಿ ನಾವು ಮಾರ್ಚ್ ತಿಂಗಳ ಯೋಜನೆಗೇ ಅರ್ಹರು, ನನ್ನ ವಯಸ್ಸನ್ನು ಯಾರೂ ಕೇಳುವುದಿಲ್ಲ. ಪೋಷಕರ ಜಾಗದಲ್ಲಿ ಯಾರ ಹೆಸರೆಂದು ಮಗನನ್ನೇ ಕೇಳಿದೆವು. ಅವನು ಅಕ್ಕನ ಹೆಸರು ಹೇಳಿದ. ಬೇರೆ ದೇಶದಲ್ಲಿ ಉಯಿಲು ಬರೆಸಿದ್ದೀರಾ ಎಂದು ಯಾರೂ ಕೇಳದಿದ್ದರೂ ನಾವೇ ಮೊದಲು ಹೇಳಬೇಕೆಂದು, ಮೈಸೂರಿನ ಉಯಿಲಿನ ಮೂರನೆಯ ಪ್ಯಾರಾವನ್ನು ಇಂಗ್ಲಿಷಿಗೆ ಅನುವಾದಿಸಿ ಕಡತದಲ್ಲಿ ಮೇಲೆಯೇ ಇಟ್ಟಿದ್ದೇನೆ, ಕ್ಲಿಪ್ ಹಾಕದೆ.